ಗುರುವಾರದ ಹಾಳೆ

ಚೆಂಬೂರು, ಮುಂಬಯಿ
ಸೋಮವಾರ, 22 ಜೂನ್ 1959

ಚಿ. ಸೌ. ಪ್ರಫುಲ್ಲಾಳಿಗೆ ನಿನ್ನ ಅವ್ವ ಮನಸಾರೆ ಮಾಡುವ ಆಶೀರ್ವಾದಗಳು.

ಇದರ ಮುಂದೆ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಈ ಸಲ ಆ ಸಾಲು ಬಿಟ್ಟಿದ್ದೇನೆ. ನಿನ್ನ ಅಪ್ಪ ಕ್ಷೇಮ. ರಿಫೈನರಿಯ ಪಾಳಿ ಮುಗಿಸಿ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಬೆಳಗಾವಿಯಲ್ಲಿ ನಿನ್ನ ಅತ್ತೆ ನಿನ್ನ ರೊಟ್ಟಿಯನ್ನು ಹೊಗಳಿದರು ಎಂದು ಬರೆದಿದ್ದೀ. ಅದನ್ನು ಕಲಿಸಿದವಳು ನಾನಲ್ಲ, ಪಕ್ಕದ ಖೋಲಿಯ ಅಂಬವ್ವ. ಆಗ ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಅಳಿಯಂದಿರು ಹತ್ತಿರ ಇದ್ದರೆ ಈ ಪತ್ರ ಮಡಚಿಡು, ಒಬ್ಬಳೇ ಇದ್ದಾಗ ಓದು.

ಪ್ರಫುಲ್ಲಾ, ನನಗೆ ಹಿಂದಿ ಬರುತ್ತದೆ. ಹದಿನಾಲ್ಕು ವರ್ಷ ಈ ಚಾಳಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವಳಿಗೆ ಬರದೆ ಇರುತ್ತದೆಯೇ? ಬರುವುದಿಲ್ಲ ಎಂದರೆ ಯಾರೂ ಮಾತಿಗೆ ಎಳೆಯುವುದಿಲ್ಲ, ಆ ಸುಖಕ್ಕೆ ಸುಮ್ಮನಿದ್ದೆ. ಮನೆಯವರೆಲ್ಲ ನಂಬಿದಿರಿ. ಹಾಗಾಗಿ ಮಾರ್ಚಿನಿಂದ ನಿನ್ನ ಮದುವೆಯ ಹಿಂದಿನ ವಾರದ ತನಕ, ಪ್ರತಿ ಗುರುವಾರ, ಆಸ್ಪತ್ರೆಯಲ್ಲಿ ಡಾಕ್ಟರರಿಗೂ ನನಗೂ ನಡುವೆ ಕುಳಿತು ನೀನು ಏನೇನು ಹೇಳಿದೆಯೋ ಅದೆಲ್ಲ ನನಗೆ ತಿಳಿದಿದೆ.

ಡಾಕ್ಟರರು ಮೊದಲ ದಿನವೇ ಬಿಡಿಸಿ ಹೇಳಿದ್ದರಲ್ಲ. ಮನಸ್ಸು ಹೀಗೆ ಕುಸಿಯುವ ರೋಗಕ್ಕೆ ತಲೆಗೆ ಕರೆಂಟು ಕೊಡುವುದು ಮೇಲೋ, ಪರದೇಶದಿಂದ ಬಂದ ಹೊಸ ಮಾತ್ರೆ ಮೇಲೋ ಎಂದು ಹೋಲಿಸಿ ನೋಡುತ್ತಿದ್ದಾರಂತೆ. ಬಂದ ಸರದಿಯಂತೆ ಒಬ್ಬರಿಗೆ ಕರೆಂಟು, ಅವರ ಹಿಂದಿನವರಿಗೆ ಮಾತ್ರೆ. ನನ್ನ ಪಾಲಿಗೆ ಮಾತ್ರೆ ಬಂತು. ನಿದ್ದೆ, ಹಸಿವು, ಅಳು, ಸಾಯುವ ವಿಚಾರ ಎಂದು ಒಂದೊಂದನ್ನೂ ಕೇಳಿ ವಾರವಾರ ಹಾಳೆ ತುಂಬುತ್ತಿದ್ದರು. ಆರು ವಾರದಲ್ಲಿ ಗುಣ ಕಾಣದಿದ್ದರೆ ನನಗೂ ಕರೆಂಟು ಎಂದಿದ್ದರು. ಆಗ ನೀನು ನನ್ನ ಕೈ ಹಿಡಿದುಕೊಂಡದ್ದು ನೆನಪಿದೆ.

ಬೆಳಿಗ್ಗೆ ಎದ್ದಾಗ ಹೇಗನಿಸುತ್ತದೆ ಎಂದು ಅವರು ಒಮ್ಮೆ ಕೇಳಿದರು. ನಾನು ನಿನಗೆ ಹೇಳಿದ್ದು ಒಂದೇ ಮಾತು, "ಬೆಳಗ ಆಗೂದs ಬ್ಯಾಡ ಅನಸ್ತೈತಿ." ಅವ್ವ ಬೇಗ ಏಳುತ್ತಾಳೆ, ಚಹಾ ಮಾಡುತ್ತಾಳೆ, ಅಪ್ಪನ ಡಬ್ಬಿ ಕಟ್ಟುತ್ತಾಳೆ ಎಂದು ನೀನು ಹಿಂದಿಯಲ್ಲಿ ಹೇಳಿದೆ. ನನ್ನ ಒಂದು ಇಲ್ಲಕ್ಕೆ ನೀನು ಮೂರು ಸಾಲು ಹೇಳುವುದನ್ನು ಕೇಳಿ, ಕನ್ನಡ ಎಷ್ಟು ಚುಟುಕಾದ ಭಾಷೆ ಎಂದು ಅವರಿಗೆ ಅನಿಸಿರಬೇಕು. ನಿನ್ನ ಬಾಯಲ್ಲಿ ಬರುತ್ತಿದ್ದ, ನನ್ನದೇ ಹೆಸರಿನ ಆ ದಾನವ್ವ ಎಂಥ ಒಳ್ಳೆಯ ಹೆಂಗಸು! ಅವಳು ಪಲ್ಯ ಸೋಸುತ್ತಾಳೆ, ನಗುತ್ತಾಳೆ, ಮಗಳ ಮದುವೆಗೆ ಸೀರೆ ಆರಿಸುತ್ತಾಳೆ. ನಾನು ಪಕ್ಕದಲ್ಲೇ ಕುಳಿತು ಅವಳ ಸುದ್ದಿ ಕೇಳುತ್ತಿದ್ದೆ. ಒಮ್ಮೊಮ್ಮೆ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ನಿನ್ನ ಮೇಲೆ ಸಿಟ್ಟಿಲ್ಲ. ಎರಡು ವರ್ಷದ ಹಿಂದೆ ಎಂಟು ಸಲ ಕರೆಂಟು ಕೊಟ್ಟ ಮೇಲೆ ನೀನು ನನ್ನನ್ನು ನೋಡಲು ಬಂದಿದ್ದೆ. ನಾನು ನಿನ್ನನ್ನು ಯಾರ ಮಗಳವ್ವಾ ನೀನು ಎಂದು ಕೇಳಿದೆನಂತೆ. ನನಗೆ ಆ ದಿನದ ನೆನಪಿಲ್ಲ, ನಿನಗಿದೆ. ಅದು ಇನ್ನೊಮ್ಮೆ ಆಗಬಾರದು ಎಂದೇ ನೀನು ಸುಳ್ಳು ಹೇಳಿದೆ. ಆದರೆ ಅದೇ ಕರೆಂಟು ಆದ ಮೇಲೆ ನಾನು ಎರಡು ರೊಟ್ಟಿ ಉಂಡು ಮೂರನೆಯದು ಕೇಳಿದ್ದೆ ಎಂದು ನಿನ್ನ ಅಪ್ಪ ಹೇಳುತ್ತಾರೆ. ಅದೂ ಆದದ್ದೇ ಅಲ್ಲವೇ?

ನೀನು ಬೆಳಗಾವಿಗೆ ಹೋದ ಮೇಲೆ ನಡುವೆ ಕೂರಲು ಯಾರೂ ಇಲ್ಲ. ಡಾಕ್ಟರರು ಏನು ಕೇಳಿದರೂ ತಲೆಯಾಡಿಸುತ್ತೇನೆ, ಅವರು ಹಿಂದಿನ ವಾರದ ಗುರುತುಗಳನ್ನೇ ಹಾಕಿಕೊಳ್ಳುತ್ತಾರೆ. ಹೀಗೇ ನಡೆದುಬಿಡುತ್ತಿತ್ತೋ ಏನೋ, ಸೇವಂತಿ ಇಲ್ಲದಿದ್ದರೆ.

ಸೇವಂತಿ ನಿನಗೆ ನೆನಪಿರಬೇಕು. ಆಸ್ಪತ್ರೆಯ ಬಾಕಿನ ಮೇಲೆ ನಮ್ಮ ಪಕ್ಕ ಕೂರುತ್ತಿದ್ದ ಉಡುಪಿ ಕಡೆಯವಳು, ಅವಳ ಗಂಡ ಪೂವಪ್ಪ ಮಾಟುಂಗಾದ ಹೋಟೆಲಿನಲ್ಲಿ ಅಡುಗೆಯವರು. ಅವಳು ಕರೆಂಟಿನ ಪಟ್ಟಿಯಲ್ಲಿದ್ದಳು, ಏಪ್ರಿಲಿನಲ್ಲಿ ನಗುತ್ತಿದ್ದಳು. ಈಗ ಮತ್ತೆ ಬಿದ್ದಿದ್ದಾಳೆ. ಹೋದ ಗುರುವಾರಕ್ಕೆ ಐದು ದಿನದಿಂದ ಗಂಜಿ ಕೂಡ ಇಳಿದಿರಲಿಲ್ಲವಂತೆ. ಮತ್ತೆ ಕರೆಂಟು ಕೊಡುವುದೇ ಸರಿ ಎಂದು ಡಾಕ್ಟರರು ಹೇಳಿದರೂ ಪೂವಪ್ಪ ಒಪ್ಪಲಿಲ್ಲ. ಅವತ್ತೇ ನನ್ನ ಹತ್ತಿರ ಬಂದು ಕೇಳಿದರು, "ನಿಮಗೆ ಮಾತ್ರೆಯಲ್ಲೇ ಗುಣ ಆಯ್ತಲ್ಲ ಅಮ್ಮ. ಇವಳಿಗೂ ಅದೇ ಸಾಕಲ್ವಾ?"

ಸೇವಂತಿ ಗೋಡೆಗೆ ಒರಗಿ ಕೂತಿದ್ದಳು. ನೊಣ ಮುಖದ ಮೇಲೆ ಕೂತರೂ ಕೈ ಎತ್ತಲಿಲ್ಲ. ನಾನು ಹೂಂ ಎಂದುಬಿಟ್ಟೆ.

ಯಾಕೆಂದರೆ ಅಲ್ಲ ಎಂದರೆ ಡಾಕ್ಟರರ ಕಿವಿಗೆ ಹೋಗುತ್ತದೆ, ನನ್ನ ಹಾಳೆ ಸುಳ್ಳಾಗುತ್ತದೆ, ನನಗೂ ಕರೆಂಟು. ಅಷ್ಟು ಲೆಕ್ಕ ಹಾಕುವ ಬುದ್ಧಿ ಈ ಹಾಳು ರೋಗದಲ್ಲೂ ಉಳಿದಿದೆ ನೋಡು. ಈ ಗುರುವಾರದ ತನಕ ನೋಡಿ ನಿರ್ಧಾರ ಹೇಳುತ್ತೇನೆ ಎಂದು ಪೂವಪ್ಪ ಡಾಕ್ಟರರಿಗೆ ಮಾತು ಕೊಟ್ಟಿದ್ದಾರೆ. ನಿನ್ನ ಸುಳ್ಳು ನನ್ನನ್ನು ಕಾಯಲು ಹುಟ್ಟಿದ್ದು. ನನ್ನ ಹೂಂ ಇನ್ನೊಬ್ಬಳ ಗಂಟಲಿಗೆ ಬಂದಿದೆ. ನಾಲ್ಕು ದಿನದಿಂದ ನನಗೆ ಅದೇ ಸಂಕಟ.

ಗುರುವಾರ ನಾನೊಬ್ಬಳೇ ಲೋಕಲ್ ಹಿಡಿದು ಹೋಗುತ್ತೇನೆ. ಡಾಕ್ಟರರ ಮುಂದೆ ನನ್ನ ನಲ್ಲಿಯ ಹಿಂದಿಯಲ್ಲಿ, ನನ್ನ ಹಾಳೆಯಲ್ಲಿ ಇರುವವಳು ನಾನಲ್ಲ ಎಂದು ಹೇಳುತ್ತೇನೆ. ಪೂವಪ್ಪನವರಿಗೂ ಹೇಳುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ. ಆಮೇಲೆ ನನಗೆ ಕರೆಂಟು ಎಂದರೆ ಹೂಂ ಅನ್ನುತ್ತೇನೆ. ಭಯವಿದೆ, ಬಹಳ ಇದೆ. ಕರೆಂಟು ಕೊಡುವಾಗ ಬಾಯಿಗೆ ತುರುಕುವ ಆ ರಬ್ಬರಿನ ರುಚಿ ಮಾತ್ರ ನನಗೆ ಮರೆತಿಲ್ಲ.

ನೀನು ಪಂಚಮಿಗೆ ಬರುವಾಗ ನಾನು ನಿನ್ನನ್ನು ಮತ್ತೆ ಯಾರ ಮಗಳು ಎಂದು ಕೇಳಿದರೆ ಅಳಬೇಡ. ಈ ಪತ್ರ ತಾ. ನನ್ನ ಎದುರು ಕುಳಿತು ಓದು. ಅಕ್ಷರ ನನ್ನದು, ಗುರುತು ಹತ್ತುತ್ತದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದು, ಒಂದು ಮಾತನ್ನೂ ಬದಲಿಸಬೇಡ.

ಇಂತು ನಿನ್ನ ಹೆತ್ತವಳು,
ದಾನವ್ವ ಬಸವಂತಪ್ಪ

ತಾ.ಕ. ಮಾತ್ರೆಯಿಂದ ನನಗೆ ಗುಣವಾಗಲಿಲ್ಲ ಎಂದು ತಿಳಿದುಕೊಂಡಿರುತ್ತೀ. ಅದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಮೊದಲ ವಾರ ಬಿಟ್ಟರೆ ಒಂದನ್ನೂ ನುಂಗಿಲ್ಲ. ದಿನಾ ಜಳಕ ಮಾಡಿ ವಿಭೂತಿ ಹಚ್ಚಿಕೊಳ್ಳುವಾಗ ಆ ದಿನದ ಮಾತ್ರೆಗಳನ್ನು ವಿಭೂತಿ ಡಬ್ಬಿಗೆ ಹಾಕುತ್ತಿದ್ದೆ. ದೇವರ ಜಗಲಿಯ ಮೇಲಿನ ನನ್ನ ಡಬ್ಬಿಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ. ನಿನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುವ ತನಕ ಮಾತ್ರ ಬದುಕಿರೋಣ ಎಂದುಕೊಂಡಿದ್ದೆ. ಇದನ್ನು ಗುರುವಾರ ಡಾಕ್ಟರರಿಗೂ ಹೇಳುತ್ತೇನೆ, ಇಲ್ಲದಿದ್ದರೆ ಮಾತ್ರೆಯೇ ಸೋತಿತು ಎಂದಾಗಿ, ಸೇವಂತಿಯ ವಿಷಯದಲ್ಲಿ ಅವರ ಹೋಲಿಕೆ ಮತ್ತೆ ತಪ್ಪುತ್ತದೆ. ಡಬ್ಬಿಯನ್ನು ಇವತ್ತು ಮುಂಜಾನೆ ಅಂಬವ್ವನ ಕೈಗೆ ಕೊಟ್ಟು, ಗುರುವಾರದ ತನಕ ನಾನೇ ಬಂದು ಕೇಳಿದರೂ ಕೊಡಬೇಡ ಎಂದಿದ್ದೇನೆ. ಮಧ್ಯಾಹ್ನ ಒಮ್ಮೆ ಹೋಗಿ ಕೇಳಿದೆ. ಅವಳು ಕೊಡಲಿಲ್ಲ.