ಗಿರಿಜಾಂಬಾ ಅವರ ಧೈರ್ಯ

ಬಣಕಲ್
12 ಡಿಸೆಂಬರ್ 2024

ಪ್ರೀತಿಯ ರಶ್ಮಿ ಅಕ್ಕನಿಗೆ ತನುಜಾಳ ಶರಣು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು "ಚೆನ್ನಾಗಿದೀವಿ" ಎಂದು ಇಟ್ಟುಬಿಡುತ್ತಿದ್ದೆ, ಸಿಟ್ಟಾಗಬೇಡ. ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ. ಅಲ್ಲಿ ನಿಂತು ಅತ್ತರೆ ಊರಿಗೇ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಡೂರಿಗೆ ಬರುವುದು ಈ ತಿಂಗಳು ಆಗದು. ಕಾಫಿ ಕೊಯ್ಲು ಶುರುವಾಗಿದೆ. ಇವರು ಎಸ್ಟೇಟಿನ ರೈಟರ್ ಅಲ್ಲವೇ, ಆಳುಗಳ ಹಾಜರಿಗೆಂದು ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಮನೆ.

ದೀಪಾವಳಿಯಿಂದ ಈಚೆಗೆ ಇಲ್ಲೊಂದು ಒಂಟಿ ಸಲಗ ಓಡಾಡುತ್ತಿದೆ. ಇವತ್ತು ಈ ತೋಟ, ನಾಳೆ ಆ ತೋಟ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸುದ್ದಿ ಹಾಕುತ್ತಾರೆ. ನಮ್ಮ ಧನ್ಯಾಳ ಸ್ಕೂಲ್ ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ. ಅಲ್ಲಿಯವರೆಗೆ ತೋಟದ ನಡುವೆ ಮಣ್ಣಿನ ದಾರಿ. ಬೆಳಗ್ಗೆ ಮಂಜು ಬಿದ್ದಿರುತ್ತದೆ, ಮುಂದಿನ ಮರ ಮರವೋ ಆನೆಯೋ ತಿಳಿಯದು. ನನಗೆ ಮನೆಯಲ್ಲಿ ಅವಳ ಡಬ್ಬಿಗೆ ರೊಟ್ಟಿ ತಟ್ಟುವಾಗಲೇ ಕೈ ತಣ್ಣಗಾಗುತ್ತದೆ, ಅಕ್ಕ. ಇವರಿಗೆ ಹೇಳಿದರೆ, "ಊರೋರೆಲ್ಲ ಓಡಾಡ್ತಿಲ್ವ? ನಿಂಗೊಬ್ಳಿಗೇ ಏನದು ಭಯ?" ಎಂದು ನಗುತ್ತಾರೆ.

ಅದು ನಿಜವೆಂದೇ ನಂಬಿದ್ದೆ. ಏಕೆಂದರೆ ಪಕ್ಕದ ಮನೆಯ ಗಿರಿಜಾಂಬಾ ಅವರು ತಮ್ಮ ಮಗ ದರ್ಶನ್‌ನನ್ನು ಕರೆದುಕೊಂಡು ನಮ್ಮ ಜೊತೆಯಲ್ಲೇ ಬರುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರು. ದಾರಿಯುದ್ದಕ್ಕೂ ಅವರದು ದೊಡ್ಡ ಗಂಟಲಿನ ಮಾತು: ಮದುವೆ ಸುದ್ದಿ, ಉಪ್ಪಿನಕಾಯಿ, ಅವರತ್ತೆಯ ಮಂಡಿನೋವು. "ಹೆದ್ರಬೇಡಿ ಮಾರಾಯ್ರೆ, ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು" ಎಂದು ನಗುತ್ತಾ ಮುಂದೆ ನಡೆಯುತ್ತಿದ್ದರು. ನಾನು ಹಿಂದೆ, ತುಟಿ ಬಿಚ್ಚದೆ. ಅವರ ಬೆನ್ನು ನೋಡಿದಾಗಲೆಲ್ಲ ನನ್ನ ಬಗ್ಗೆ ನನಗೇ ಹೇಸಿಗೆ. ಬಯಲುಸೀಮೆಯವಳು, ಮಗಳನ್ನು ಬಸ್ಸಿನವರೆಗೆ ನೆಟ್ಟಗೆ ಕರೆದೊಯ್ಯಲಾರದವಳು, ಇದೆಂಥ ತಾಯಿ ಅಂದುಕೊಳ್ಳುತ್ತಿದ್ದೆ.

ಹೋದ ಗುರುವಾರ ಅದು ಎದುರಾಯಿತು.

ಆಳುಗಳ ಲೈನ್ ಮನೆಗಳನ್ನು ದಾಟಿ ತಿರುವಿಗೆ ಬಂದಿದ್ದೆವು. ಗಿರಿಜಾಂಬಾ ಅವರ ಮಾತು ಅರ್ಧಕ್ಕೆ ನಿಂತಿತು. ಮೊದಲು ನನಗೆ ಕಂಡದ್ದು ಕಿವಿ. ಸಿಲ್ವರ್ ಓಕ್ ಮರಗಳ ನಡುವೆ ಮೆಲ್ಲಗೆ ಬೀಸುತ್ತಿತ್ತು. ಆಮೇಲೆ ಇಡೀ ಆನೆ ಕಂಡಿತು. ನಮಗೂ ಅದಕ್ಕೂ ನಡುವೆ ಒಂದು ಅಂಗಳದಷ್ಟೂ ಜಾಗವಿರಲಿಲ್ಲ. ಉಸಿರಿನ ಸದ್ದು ಕೇಳಿಸುತ್ತಿತ್ತು. "ಓಡ್ಬೇಡಿ. ಹಿಂದಕ್ಕೆ... ಮೆಲ್ಲ..." ಎಂದು ಅವರು ಪಿಸುಗುಟ್ಟಿದರು. ಎರಡು ಕೈಯಲ್ಲಿ ಇಬ್ಬರು ಮಕ್ಕಳನ್ನೂ ಹಿಡಿದು ಹಿಂದೆ ಸರಿದರು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು. "ತನುಜಾ, ಬನ್ನಿ. ನನ್ನೇ ನೋಡ್ತಾ ಬನ್ನಿ" ಎಂದು ಅವರು ಮತ್ತೆ ಮತ್ತೆ ಕರೆದ ಮೇಲೆ ಹೆಜ್ಜೆ ಎದ್ದಿತು. ಲೈನ್ ಮನೆಯೊಂದಕ್ಕೆ ನುಗ್ಗಿ ಚಿಲಕ ಹಾಕಿಕೊಂಡೆವು. ಹಿತ್ತಲ ಬಾಳೆ ಮುರಿಯುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಅದು ಹಳ್ಳದ ಕಡೆ ಇಳಿದು ಹೋಯಿತಂತೆ. ಯಾರಿಗೂ ಏನೂ ಆಗಲಿಲ್ಲ, ನೀನು ಗಾಬರಿಯಾಗಬೇಡ.

ಆವತ್ತು ಮಧ್ಯಾಹ್ನ ಗಿರಿಜಾಂಬಾ ಅವರು ನಮ್ಮ ಅಡುಗೆಮನೆಗೆ ಬಂದರು. ಕಾಫಿ ಕೊಟ್ಟೆ. ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟರು. ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟರು.

"ಎಷ್ಟು ದಿನ ಆಯ್ತು ನಾನು ಸರಿ ಉಂಡು! ಹೆದ್ರಿಕೆ ತಡೀಲಿಕ್ಕೆ ಆಗ್ದೆ ಬಾಯಿಗೆ ಬಂದದ್ದು ಮಾತಾಡ್ತಿದ್ದೆ ಮಾರಾಯ್ರೆ. ನೀವು ನೋಡಿದ್ರೆ ಬಯಲುಸೀಮೆಯವ್ರು, ಒಂದು ಮಾತಿಲ್ದೆ ತಣ್ಣಗೆ ನಡೀತೀರಿ. ಇಲ್ಲೇ ಹುಟ್ಟಿದವಳು ನಾನು ನಡುಗಿದ್ರೆ ಹೆಂಗೆ? ನಿಮ್ಮನ್ನ ನೋಡಿ ನಂಗೆ ನಾಚಿಕೆ ಆಗ್ತಿತ್ತು."

"ಅಯ್ಯೋ, ನಂಗೆ ಹೆದ್ರಿ ಹೆದ್ರಿ ನಾಲಿಗೇನೇ ಏಳ್ತಿರಲಿಲ್ಲ ಕಣ್ರೀ!" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ನಾನೊಬ್ಬಳೇ ಹೇಡಿಯಲ್ಲ.

ಆದರೆ ಅವರು ಎದ್ದು ಹೋದ ಮೇಲೆ, ಅಕ್ಕ, ಮೊದಲಿಗಿಂತ ಹೆಚ್ಚು ಭಯವಾಯಿತು. ನಾನು ಹೇಡಿಯೆಂದು ನಾಚುತ್ತಿದ್ದರೂ, ಮುಂದೆ ನಡೆಯುವವರು ಧೈರ್ಯದವರು ಎಂಬ ನೆಮ್ಮದಿಯಾದರೂ ಇತ್ತು. ಆ ನಾಚಿಕೆಯನ್ನೇ ಹಿಡಿದುಕೊಂಡು ಇಷ್ಟು ದಿನ ನಡೆದಿದ್ದೆನೋ ಏನೋ. ಈಗ ಆ ದಾರಿಯಲ್ಲಿ ಹೋಗುವುದು ಇಬ್ಬರು ಹೆದರಿದ ಹೆಂಗಸರು, ಅಷ್ಟೆ.

ಇಬ್ಬರೂ ಸೇರಿ ನಮ್ಮ ಮನೆಯವರ ಮುಂದೆ ನಿಂತು ಹೇಳಿದೆವು. ಈ ಸಲ ಇವರು ನಗಲಿಲ್ಲ. ಎಸ್ಟೇಟಿನ ಪಿಕಪ್ಪಿನಲ್ಲಿ ಮಕ್ಕಳನ್ನು ಬಸ್ಸಿನವರೆಗೆ ಬಿಡಲು ಮಾಲೀಕರನ್ನು ಕೇಳುತ್ತೇನೆ, ಕೊಯ್ಲಿನ ಭರಾಟೆ ಸ್ವಲ್ಪ ಕಡಿಮೆಯಾಗಲಿ ಎಂದರು. ಅಲ್ಲಿಯವರೆಗೆ ನಡೆಯುವುದೇ. ಸಲಗ ಗುಡ್ಡದ ಆಚೆ ಹೋಗಿದೆಯಂತೆ. ಮತ್ತೆ ಬರುವುದಿಲ್ಲ ಎಂದು ಯಾರೂ ಹೇಳುತ್ತಿಲ್ಲ.

ಭಾವನವರಿಗೆ ಶರಣು ತಿಳಿಸು, ಮಕ್ಕಳಿಗೆ ನನ್ನ ಮುದ್ದು. ದೇವರ ಮುಂದೆ ದೀಪ ಹಚ್ಚುವಾಗ ನಮ್ಮನ್ನೂ ನೆನೆದು ಹರಸು.

ನಿನ್ನ ತಂಗಿ,
ತನುಜಾ

ಮರೆತ ಮಾತಲ್ಲ ಇದು, ಮೇಲೆ ಬರೆಯಲು ಕೈ ಬರಲಿಲ್ಲ. ಆನೆ ಕಂಡಾಗ ಧನ್ಯಾ ನನ್ನ ಕೈಯಲ್ಲೇ ಇದ್ದಳು. ನಾನು ಬಿಡಲಿಲ್ಲ ಅಕ್ಕ, ಗಟ್ಟಿಯಾಗಿ ಹಿಡಿದಿದ್ದೆ. ಅವಳೇ ಕೊಸರಿಕೊಂಡು ಗಿರಿಜಾಂಬಾ ಅವರ ಹತ್ತಿರ ಹೋದಳು. ಮಾರನೆಯ ದಿನ ತಲೆ ಬಾಚುತ್ತಾ, "ಯಾಕೆ ಪುಟ್ಟಿ?" ಎಂದು ಕೇಳಿದೆ. "ನಿಂಗೆ ಹೆದ್ರಿಕೆ ಅಲ್ವಾ ಅಮ್ಮ. ಆಂಟಿಗೆ ಹೆದ್ರಿಕೆನೇ ಇಲ್ಲ" ಎಂದಳು. ಅವರಿಗೂ ನನ್ನಷ್ಟೇ ಹೆದರಿಕೆ ಕಣೇ ಎನ್ನುವ ಮಾತು ಬಾಯಿಯವರೆಗೆ ಬಂತು. ನುಂಗಿಕೊಂಡೆ. ಆ ದಾರಿಯಲ್ಲಿ ಅವಳಿಗಾದರೂ ಧೈರ್ಯದವರು ಒಬ್ಬರಿರಲಿ.