ಮುನಿಸ್ವಾಮಪ್ಪ ಮಾಮನ ಮಾತಿನ ಯಂತ್ರ

ಕಮಲಿ,

ಮೊದಲ ಗಾಡಿಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಮುನಿಸ್ವಾಮಪ್ಪ ಮಾಮನ ಬ್ಯಾಟರಿ ಮೇಜಿನ ಮೇಲೆ ಚಾರ್ಜಿಗಿದೆ. ಗಂಟಲಿನ ಆಪರೇಷನ್ ಆದ ಮೇಲೆ ಆ ಯಂತ್ರವನ್ನು ಕುತ್ತಿಗೆಗೆ ಒತ್ತಿಕೊಂಡರಷ್ಟೇ ಅವರಿಗೆ ಮಾತು. ಅಂಥ ಬ್ಯಾಟರಿ ಈಗ ಬೆಂಗಳೂರಿನಲ್ಲೂ ಸಿಗುವುದಿಲ್ಲ. ಹಳೆಯ ಡಬ್ಬಿ ಬಿಚ್ಚಿ ಹೊಸ ಸೆಲ್ ಕೂರಿಸಿದ್ದೇನೆ. ಫ್ಯಾಕ್ಟರಿಯಲ್ಲೂ ಬೆಸುಗೆ, ಮನೆಯಲ್ಲೂ ಬೆಸುಗೆ, ಕಣ್ಣು ಉರಿಯುತ್ತಿದೆ. ಸೆಲ್ ಕೂದಲೆಳೆಯಷ್ಟು ಉದ್ದವಾಗಿ ಮುಚ್ಚಳ ಕೂರಲಿಲ್ಲ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದ್ದೇನೆ. ಚೆಂದ ಮಾಡಲು ಹೋಗಿ ಅದನ್ನು ಬಿಚ್ಚಬೇಡ.

ಕೈಗೆ ಬೆಚ್ಚಗಾದ ಕೂಡಲೇ ತೆಗೆ. ರೇಡಿಯೋ ಮುಂದೆ ಕೂತು ಮರೆತರೆ ನನ್ನ ಕೈಲಿ ಅನ್ನಿಸಿಕೊಳ್ಳುತ್ತೀಯ. ಆಮೇಲೆ ಆಂಡರ್ಸನ್‌ಪೇಟೆಗೆ, ಮಾಮನ ಮನೆಗೆ ನೀನೇ ತಲುಪಿಸು.

ಸಂಜೆ ಬಂಗಾರಪೇಟೆಯ ಬೀಗರು ಮಾಮನ ಮಗಳ ತಾಂಬೂಲಕ್ಕೆ ಬರುತ್ತಾರೆ. ಹೆಣ್ಣು ಕೊಟ್ಟೆವು ಎಂದು ಅಪ್ಪನೇ ಬಾಯಿಬಿಟ್ಟು ಹೇಳಬೇಕು. ಮಾಮನ ತಮ್ಮ "ಬುಡಣ್ಣ, ನಾನೇ ಏಳ್ತೀನಿ" ಅಂದದ್ದಕ್ಕೆ ಮಾಮ ಅವನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ಯಂತ್ರದಲ್ಲಿ 'ಹ' ಹೊರಡುವುದಿಲ್ಲ, "ಎಣ್ಣು" ಅಂತಲೇ ಬರುತ್ತದೆ. ಆಗ ನಗಬೇಡ. ನಮ್ಮ ಕಡೆ ಯಾರು ತಾನೇ "ಹೆಣ್ಣು" ಅನ್ನುತ್ತಾರೆ?

ಕೈಗೆ ಸಿಕ್ಕ ಕೂಡಲೇ ಅದೇ ಮಾತನ್ನು ಅಭ್ಯಾಸ ಮಾಡಿ ಮಾಡಿ ಸಂಜೆಯೊಳಗೆ ಚಾರ್ಜ್ ಮುಗಿಸಿಬಿಡುತ್ತಾರೆ. ಬಿಡಬೇಡ. ಸರಿಯಾಗಿದೆಯೋ ನೋಡಲು ಒಂದೇ ಮಾತು ಸಾಕು: ಮಗಳ ಹೆಸರು ಹಿಡಿದು ಕೂಗಲಿ. ಬ್ಯಾಟರಿ ಸತ್ತಾಗಿನಿಂದ ಅವಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದಾರೆ.

ಅಮ್ಮ