ನಲವತ್ತೇಳೋ ನಲವತ್ತೆಂಟೋ

ಅಪ್ಪಾ,

ಮೊನ್ನೆ ಕನಸಿನಲ್ಲಿ ಬಂದು ನೀನು ತುಟಿ ಆಡಿಸಿದೆ. ದನಿ ಮಾತ್ರ ಕೇಳಿಸಲಿಲ್ಲ. ನೇಪಲ್ಸಿನಲ್ಲಿ ಸತ್ತವರು ಕನಸಿಗೆ ಬಂದರೆ ಕಣ್ಣೊರೆಸಿಕೊಳ್ಳುವ ಮೊದಲು ಲಾಟರಿ ಅಂಗಡಿಗೆ ಓಡಬೇಕಲ್ಲ, ಓಡಿದೆ. ಜಾಕ್‌ಪಾಟ್ ಬೇರೆ ತಿಂಗಳುಗಟ್ಟಲೆ ಯಾರಿಗೂ ಹೊಡೆಯದೆ ಬೆಳೆದು ಕೂತಿತ್ತು. ಆದರೆ ಕನಸಿಗೊಂದು ಸಂಖ್ಯೆ ಹೇಳುವ ಇಲ್ಲಿನ ಪುಸ್ತಕದಲ್ಲಿ ಸುಮ್ಮನಿರುವ ಸತ್ತವನಿಗೆ ನಲವತ್ತೇಳು, ಮಾತಾಡುವ ಸತ್ತವನಿಗೆ ನಲವತ್ತೆಂಟು. ನಿನ್ನದು ಯಾವುದು?

“ತುಟಿ ಆಡ್ತು ಅಂತೀಯಲ್ಲೇ, ನಲವತ್ತೆಂಟು ಹಾಕು,” ಎಂದಳು ಅಂಗಡಿಯ ಇಮ್ಮಕೊಲಾತ.

“ಕೇಳಿಸ್ದೇ ಇರೋದು ಅದ್ಯಾವ ಸೀಮೆ ಮಾತು? ನಲವತ್ತೇಳು!” ಎಂದು ಸಾಲಿನಲ್ಲಿದ್ದ ಮೀನು ಮಾರುವ ಅನಿಯೆಲ್ಲೊ ರೇಗಿದ.

ಇಡೀ ಸಾಲು ಎರಡು ಪಕ್ಷವಾಗಿ ಜಗಳಕ್ಕೆ ಬಿತ್ತು. ಜಾಕ್‌ಪಾಟಿಗೆ ಬೇಕಾದ ಆರೂ ಸಂಖ್ಯೆ ಕೂಡಿಬರುವುದು ಅರವತ್ತೆರಡು ಕೋಟಿಗೊಮ್ಮೆ ಎಂದು ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಗೊತ್ತು. ಆದರೂ ಸಾಲು ಬಿಡಲಿಲ್ಲ.

“ಹೋಗ್ಲಿ, ತುಟಿ ನೋಡಿದ್ರೂ ಏನಂದ್ರು ಅಂತ ಗೊತ್ತಾಗ್ಲಿಲ್ವಾ?” ಎಂದಳು ಇಮ್ಮಕೊಲಾತ.

ಕೊನೆಯ ಸಲ ಆಸ್ಪತ್ರೆಯ ಗಾಜಿನಾಚೆಯಿಂದ ನೀನು ಹೇಳಿದ್ದೂ ಹೀಗೇ, ತುಟಿ ಮಾತ್ರ ಆಡಿತ್ತು. ಅರ್ಥವಾದವಳಂತೆ ನಾನು ತಲೆಯಾಡಿಸಿದ್ದೆ.

ಕೊನೆಗೆ ಎರಡನ್ನೂ ಹಾಕಿದೆ. ನಿನ್ನೆಯ ಡ್ರಾದಲ್ಲಿ ಎರಡೂ ಬರಲಿಲ್ಲ. ಇವತ್ತು ಬೇಗ ಮಲಗುತ್ತೇನೆ. ಸಂಖ್ಯೆ ಬೇಡಪ್ಪಾ, ಸ್ವಲ್ಪ ಜೋರಾಗಿ ಹೇಳು.